ಇಪ್ಪತ್ತನಾಲ್ಕರ ಮುದುಕರು

ನಮ್ಮ ದೇಶದಲ್ಲಿ ಮನುಷ್ಯನಿಗೆ ಮುಪ್ಪು ಯಾವಾಗ ಬರುತ್ತದೆ? ಡಾಕ್ಟರನ್ನು ಕೇಳಬೇಡಿ. ಕೇಂದ್ರದ ಸಿಬ್ಬಂದಿ ನೇಮಕಾತಿ ಆಯೋಗ ಎಸ್‌ಎಸ್‌ಸಿಯನ್ನು ಕೇಳಿ. ಬಿಎಸ್‌ಎಫ್, ಸಿಆರ್‌ಪಿಎಫ್, ಸಿಐಎಸ್‌ಎಫ್‌ನಂಥ ಕೇಂದ್ರ ಪಡೆಗಳಿಗೆ ಕಾನ್‌ಸ್ಟೇಬಲ್ ಆಗಲು ವಯಸ್ಸು 18ರಿಂದ 23. ಒಬಿಸಿಗೆ ಮೂರು, ಪರಿಶಿಷ್ಟರಿಗೆ ಐದು ವರ್ಷ ಸಡಿಲಿಕೆ ಇದೆ. ಅದರ ಮೇಲೆ ಒಂದೇ ಒಂದು ದಿನ ಜಾಸ್ತಿಯಾದರೂ ನೀವು ಮುದುಕರು. ಮನೆಗೆ ಹೋಗಿ ಮೊಮ್ಮಕ್ಕಳನ್ನು ಆಡಿಸಿ. ಆದರೆ ಗಡುವಿನೊಳಗೆ ಒಳಗೆ ಹೋದವನು 60ರವರೆಗೆ ಬಂದೂಕು ಹೊರಬಹುದು. 24ಕ್ಕೆ ಮುಪ್ಪು, 59ಕ್ಕೆ ಯೌವನ!

ಆ ಒಂದು ದಿನ ಜಾಸ್ತಿಯಾಗಿದ್ದು ಹೇಗೆ? ಹಳ್ಳಿ ಕಡೆ ಕೇಳಿ ನೋಡಿ, ಅರ್ಧ ಊರು ಹುಟ್ಟಿರುವುದೇ ಜೂನ್ 1ಕ್ಕೆ. ಶಾಲೆಗೆ ಸೇರಿಸಲು ಅಪ್ಪ ಮಗನನ್ನು ಕರೆತಂದ. ಮೇಷ್ಟ್ರು "ತಲೆ ಮೇಲಿಂದ ಕೈ ತಂದು ಆ ಕಡೆ ಕಿವಿ ಮುಟ್ಟೋ" ಅಂದರು. ಬೆರಳು ಕಿವಿಗೆ ತಾಗಿತು. ಸರಿ, ಆರು ವರ್ಷ ಆಗಿದೆ, ಜೂನ್ 1 ಅಂತ ಬರೆದುಕೊಂಡರು. ಕೈ ಸ್ವಲ್ಪ ಉದ್ದ ಇದ್ದ ತಪ್ಪಿಗೆ ಹುಡುಗ ಒಂದು ವರ್ಷ ಮೊದಲೇ ಹುಟ್ಟಿಬಿಟ್ಟ. ಈಗ ಅವನು ಪಡೆ ಕೇಳುವ 170 ಸೆಂ.ಮೀ. ಎತ್ತರಕ್ಕೆ ಬೆಳೆದು ನಿಂತಿದ್ದಾನೆ. ವಯಸ್ಸು ಮಾತ್ರ ಮೇಷ್ಟ್ರ ಪೆನ್ನಲ್ಲೇ ಮೀರಿಹೋಗಿದೆ.

ತಮಾಷೆ ಏನೆಂದರೆ, ಗಡಿಯಾರ ಓಡುವುದು ಅರ್ಜಿ ಹಾಕುವವರೆಗೆ ಮಾತ್ರ. ಇದೇ ಪಡೆಗಳ 2018ರ ಜಿಡಿ (ಜನರಲ್ ಡ್ಯೂಟಿ) ಕಾನ್‌ಸ್ಟೇಬಲ್ ನೇಮಕಾತಿಯಲ್ಲಿ ವಯಸ್ಸು ಎಣಿಸಿದ್ದು ಆ ವರ್ಷದ ಆಗಸ್ಟ್ 1ಕ್ಕೆ. ಅಂತಿಮ ಫಲಿತಾಂಶ ಬಂದಿದ್ದು 2021ರ ಜನವರಿಯಲ್ಲಿ. ಅರ್ಜಿ ಹಾಕುವಾಗ 23ರ ಅಂಚಿನಲ್ಲಿದ್ದವನು ಆಯ್ಕೆಯಾಗುವಾಗ 25 ದಾಟಿದ್ದ. ಪಡೆ ಅವನನ್ನು ಖುಷಿಯಾಗಿಯೇ ಸೇರಿಸಿಕೊಂಡಿತು. ಅದೇ ವರ್ಷ ಹೊಸ ಅರ್ಜಿ ಹಿಡಿದು ಬಂದ 24ರ ಹುಡುಗನಿಗೆ "ವಯಸ್ಸಾಯ್ತಪ್ಪಾ" ಅಂದಿತು. ಅಂದರೆ 100 ರೂಪಾಯಿ ಶುಲ್ಕ ಕಟ್ಟಿದ ದಿನವೇ ವಯಸ್ಸು ನಿಂತುಬಿಡುತ್ತದೆ. ಇಷ್ಟು ಅಗ್ಗಕ್ಕೆ ಯಾವ ಕ್ರೀಮ್ ಕಂಪನಿಯೂ ಕೊಡಲ್ಲ, ಅಲ್ವಾ?

ಸಡಿಲಿಸಲು ಬರುವುದಿಲ್ಲ ಅಂತೇನಿಲ್ಲ. ಕೊರೋನಾ ನಂತರ ಒಂದು ಸಲಕ್ಕೆ ಮೂರು ವರ್ಷ ಬಿಟ್ಟುಕೊಟ್ಟರು. ನಾಲ್ಕು ವರ್ಷ ದುಡಿಸಿಕೊಂಡು ಕಳಿಸುವ ಅಗ್ನಿವೀರರ ಮೊದಲ ತಂಡಕ್ಕೆ ಐದು ವರ್ಷ ಅಂದರು. ಬೇಕೆಂದಾಗ ಮುಪ್ಪನ್ನು ಮುಂದೂಡಬಹುದು.

ಇನ್ನು ಐಪಿಎಸ್‌ಗೆ ಬನ್ನಿ. ಯುಪಿಎಸ್‌ಸಿಯಲ್ಲಿ ಸಾಮಾನ್ಯ ವರ್ಗಕ್ಕೇ 32ರವರೆಗೆ ಅವಕಾಶ. ಆಯ್ಕೆಯಲ್ಲಿ ಓಟದ ಪರೀಕ್ಷೆಯೂ ಇಲ್ಲ, ವೈದ್ಯಕೀಯ ತಪಾಸಣೆ ಮುಗಿದರೆ ಸಾಕು. ಓಡುವವನಿಗೆ 23, ಓಡು ಅನ್ನುವವನಿಗೆ 32. "ಓಡು" ಅನ್ನಲು ಅನುಭವ ಬೇಕು ನೋಡಿ.

ಎದೆ ಅಳೆಯುವ ಸಾಲನ್ನೂ ಒಮ್ಮೆ ನೋಡಬೇಕು. ಹುಡುಗ ಅಂಗಿ ಬಿಚ್ಚಿ ನಿಂತಿದ್ದಾನೆ. ಟೇಪು ಸುತ್ತಿದರು: 80. "ಉಸಿರು ಎಳ್ಕೋ." ಕಣ್ಣುಗುಡ್ಡೆ ಆಚೆ ಬರುವ ಹಾಗೆ ಎಳೆದುಕೊಂಡ. 84ರ ಮೇಲೆ ಚೂರು. ಐದು ಸೆಂ.ಮೀ. ಉಬ್ಬಲೇಬೇಕು, ನಡಿ ಆಚೆ! ಸೇರಿದ ಮೇಲೆ ಎದೆಯ ಕೆಳಗೆ ಎಷ್ಟು ಉಬ್ಬಬಹುದು ಎಂಬುದನ್ನು ಬೆಲ್ಟಿನ ವಿವೇಚನೆಗೆ ಬಿಟ್ಟಿದ್ದಾರೆ.

ದೆಹಲಿಯನ್ನೇ ಯಾಕೆ ಬೈಯಬೇಕು? ನಮ್ಮಲ್ಲಿ 545 ಪಿಎಸ್‌ಐ (ಪೊಲೀಸ್ ಸಬ್‌ಇನ್‌ಸ್ಪೆಕ್ಟರ್) ಹುದ್ದೆಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ಆಯಿತು. ಅಕ್ರಮ ಬಯಲಾಗಿ ರದ್ದಾಯಿತು. ನೇಮಕಾತಿ ವಿಭಾಗ ನೋಡಿಕೊಂಡಿದ್ದ ಹಿರಿಯ ಪೊಲೀಸ್ ಅಧಿಕಾರಿ, ಎಡಿಜಿಪಿಯನ್ನೇ ಸಿಐಡಿ ಬಂಧಿಸಿತು. ಮರುಪರೀಕ್ಷೆ ನಡೆದಿದ್ದು 2024ರ ಜನವರಿಯಲ್ಲಿ. ಕೋಚಿಂಗ್ ಸೆಂಟರ್‌ಗಳೇ ತುಂಬಿರುವ ಧಾರವಾಡದ ಸಪ್ತಾಪುರದ ರೂಮುಗಳಲ್ಲಿ ಓದುತ್ತಾ ಕೂತವರ ತಲೆಯಲ್ಲಿ ಅಷ್ಟರಲ್ಲಿ ಬಿಳಿಕೂದಲು ಇಣುಕಿದ್ದರೆ ಅದು ಅವರ ತಪ್ಪೇ ಬಿಡಿ.

2018ರ ಆ ಜಿಡಿ ಬ್ಯಾಚಿನಲ್ಲಿ ವೈದ್ಯಕೀಯ ಪರೀಕ್ಷೆವರೆಗೂ ಪಾಸಾಗಿ ಹುದ್ದೆ ಸಿಗದವರು 2022ರ ಬೇಸಿಗೆಯಲ್ಲಿ ನಾಗಪುರದಿಂದ ದೆಹಲಿಗೆ ನಡೆದೇ ಹೊರಟರು. ನೇಮಕಾತಿಗೆ ಬೇಕಿದ್ದದ್ದು 24 ನಿಮಿಷದಲ್ಲಿ 5 ಕಿ.ಮೀ. ಓಟ. ಇವರು ಬಿಸಿಲಲ್ಲಿ ನೂರಾರು ಕಿ.ಮೀ. ನಡೆದರು. ಇನ್ನೊಮ್ಮೆ ದೈಹಿಕ ಪರೀಕ್ಷೆ ನಡೆಸುವ ಖರ್ಚೇ ಸರ್ಕಾರಕ್ಕೆ ಉಳಿದಿತ್ತು. ನೇಮಕಾತಿ ಮುಗಿದಿದೆ, ಹೊಸದಾಗಿ ಅರ್ಜಿ ಹಾಕಿ ಅನ್ನೋಣವೆಂದರೆ, ಬಹಳ ಜನಕ್ಕೆ ಅಷ್ಟರಲ್ಲಿ ವಯಸ್ಸು ಮೀರಿತ್ತು.