ನಡೆಯೋ ಅಮ್ಮಂಗೆ ವೀಲ್‌ಚೇರ್ ಯಾಕೆ ಬೇಕಾಯ್ತು

ತಿಪಟೂರಲ್ಲಿರೋ ನಮ್ಮಮ್ಮಂಗೆ ಈಗ 67. ದಿನಾ ಬೆಳಿಗ್ಗೆ ತೋಟಕ್ಕೆ ನಡ್ಕೊಂಡು ಹೋಗಿ ಬಿದ್ದಿರೋ ಕಾಯಿ ಆರಿಸಿ ರಾಶಿ ಹಾಕಿ ಬರ್ತಾಳೆ, ಮಂಡಿನೋವು ಅಂತ ಒಂದಿನಾನೂ ಅಂದೋಳಲ್ಲ. ಅಂಥ ಅಮ್ಮಂಗೆ ನಾನೇ ಏರ್‌ಲೈನ್‌ಗೆ ಫೋನ್ ಮಾಡಿ ವೀಲ್‌ಚೇರ್ ಬುಕ್ ಮಾಡಿದೆ. ತಮ್ಮ ಇರೋದು ಫ್ರಾಂಕ್‌ಫರ್ಟ್ ಹತ್ರ, ನಾದಿನಿಗೆ ಹೆರಿಗೆ, ಅಮ್ಮ ಬಾಣಂತನಕ್ಕೆ ಹೊರಟಿದ್ಲು, ಒಬ್ಬಳೇ. ವಿಮಾನ ಹತ್ತೋದು ಅದೇ ಮೊದಲು. ಇಂಗ್ಲಿಷ್ ಬರಲ್ಲ, ಹಿಂದಿ ಟಿವಿಯಲ್ಲಿ ಕಿವಿಗೆ ಬಿದ್ದಷ್ಟೇ. "ನಂಗೇನಾಗೈತೆ ಅಂತ ಗಾಡಿ ಮೇಲೆ ಕೂರಿಸ್ತೀಯೇ, ನೋಡಿದೋರು ಏನಂದ್ಕೊಂತಾರೆ" ಅಂತ ಎರಡು ದಿನ ಮುಖ ಊದಿಸ್ಕೊಂಡಿದ್ಲು. ಆ ಮಾತು ಇವತ್ತಿಗೂ ನನ್ನನ್ನ ಬಿಟ್ಟಿಲ್ಲ, ಅದಕ್ಕೇ ಬರೀತಿದೀನಿ.

ಊರಿಂದ ಅಪ್ಪ ಅಮ್ಮನ್ನ ಕಳಿಸೋರಿಗೆ ಮೊದಲು ಒಂದು ಮಾತು, ತಾರೀಖು. ಯೂರೋಪ್ ಕಡೆ ಹೋಗೋ ಎಷ್ಟೋ ಫ್ಲೈಟ್‌ಗಳು ಮಧ್ಯರಾತ್ರಿ ದಾಟಿದ ಮೇಲೆ ಹೊರಡೋದು. ಟಿಕೆಟಲ್ಲಿ 12ನೇ ತಾರೀಖು ಬೆಳಗಿನ ಜಾವ 3 ಗಂಟೆ ಅಂತಿದ್ರೆ ನೀವು ಏರ್‌ಪೋರ್ಟಲ್ಲಿ ಇರಬೇಕಾದ್ದು 11ನೇ ತಾರೀಖು ರಾತ್ರಿ. ನಮ್ಮ ನೆಂಟರೊಬ್ರು 12ನೇ ತಾರೀಖು ರಾತ್ರಿ ಊಟ ಮುಗಿಸಿ ನೆಮ್ಮದಿಯಾಗಿ ಹೊರಟು ಹೋದ್ರು, ಅಷ್ಟೊತ್ತಿಗೆ ವಿಮಾನ ಹೋಗಿ ಒಂದು ದಿನ ಆಗ್ತಾ ಬಂದಿತ್ತು. ಟಿಕೆಟ್ ದುಡ್ಡು ಪೂರ್ತಿ ಹೋಯ್ತು, ಆ ಹಿರಿಯರು ಬಾಗಿಲಲ್ಲೇ ಕುಸಿದು ಕೂತಿದ್ದು ನೆನೆಸ್ಕೊಂಡ್ರೆ ಈಗಲೂ ಸಂಕಟ ಆಗುತ್ತೆ. ಅದಕ್ಕೆ ನಾನು ಕ್ಯಾಲೆಂಡರಲ್ಲಿ ಹೊರಡೋ ದಿನಕ್ಕೆ ಸುತ್ತು ಹಾಕಿ ಗೋಡೆಗೆ ನೇತು ಹಾಕಿದ್ದೆ.

ಆಮೇಲೆ ಲಗೇಜು. ತಿಪಟೂರು ಅಂದ್ಮೇಲೆ ಕೊಬ್ಬರಿ ಇಲ್ದೆ ಹೋಗೋದು ಹೆಂಗೆ? ಬಾಣಂತಿಗೆ ಅಂಟಿನುಂಡೆ ಮಾಡಕ್ಕೆ ಅಂತ ನಾಕು ಕೆಜಿ ಕೊಬ್ಬರಿ ಬಟ್ಟಲು ಸೂಟ್‌ಕೇಸ್ ತಳದಲ್ಲಿ ಜೋಡಿಸಿಟ್ಟಿದ್ಲು. ಎಲ್ಲಾ ತೆಗೆಸಿದೆ. ಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ, ಬೆಂಕಿ ಹತ್ಕೊಳ್ಳೋ ಪದಾರ್ಥ ಅಂತ ಚೆಕ್-ಇನ್ ಲಗೇಜಿಗೆ ಹಾಕಂಗಿಲ್ಲ, ಇದು ನಮ್ಮ ಕಡೆ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಉಪ್ಪಿನಕಾಯಿ ಕೈಚೀಲದಲ್ಲಿದ್ರೆ ಸೆಕ್ಯೂರಿಟಿಯಲ್ಲಿ ತೆಗೆದಿಡ್ತಾರೆ, ಅದು ಸೂಟ್‌ಕೇಸಿಗೇ ಹೋಗಬೇಕು, ಪವರ್ ಬ್ಯಾಂಕ್ ಉಲ್ಟಾ, ಅದು ಕೈಚೀಲದಲ್ಲೇ ಇರಬೇಕು. ಇನ್ನು ತುಪ್ಪ, ಪೇಢಾ, ಖೋವಾ ಸ್ವೀಟು ಯೂರೋಪ್ ಒಕ್ಕೂಟದ ದೇಶಗಳಿಗೆ ಒಯ್ಯಂಗೇ ಇಲ್ಲ, ಹೊರಗಿನ ದೇಶದಿಂದ ಹಾಲಿನ ಪದಾರ್ಥ, ಮಾಂಸ ತರೋದನ್ನ ಅವರು ನಿಷೇಧ ಮಾಡಿದಾರೆ. ಮನೇಲಿ ಕಾಯಿಸಿದ ತುಪ್ಪದ ಡಬ್ಬಿ ವಾಪಸ್ ಅಡುಗೆಮನೆಗೆ ಇಡುವಾಗ ಅಮ್ಮ ಏನೂ ಮಾತಾಡ್ಲಿಲ್ಲ.

ಏರ್‌ಪೋರ್ಟಿಗೆ ಹೋಗಿದ್ದು ಬಸ್ಸಲ್ಲಿ. ತಿಪಟೂರಿಂದ ರೈಲಲ್ಲಿ ಮೆಜೆಸ್ಟಿಕ್, ಅಲ್ಲಿಂದ ಬಿಎಂಟಿಸಿಯ ಏರ್‌ಪೋರ್ಟ್ ಬಸ್ಸು ವಾಯುವಜ್ರ, ಕೆಐಎ-9 ನಂಬರಿಂದು. ಕ್ಯಾಬಲ್ಲೇ ಕರ್ಕೊಂಡು ಹೋಗಬಾರದಾ ಅಂತ ಸುಮಾರು ಜನ ಕೇಳಿದ್ರು. ತಮ್ಮ ಮೊದಲ ಸಲ ಹೊರಟಾಗ ಬುಕ್ ಮಾಡಿದ ಕ್ಯಾಬ್ ಎರಡು ಸಲ ಕ್ಯಾನ್ಸಲ್ ಆಗಿ ನಾವು ಪಟ್ಟ ಪಾಡು ನಂಗೆ ಗೊತ್ತು. ವಾಯುವಜ್ರಲ್ಲಿ ಸೂಟ್‌ಕೇಸ್ ಇಡಕ್ಕೆ ಜಾಗ ಇದೆ, ಎಸಿ ಇದೆ, ರಾತ್ರಿ ಹೊತ್ತಲ್ಲೂ ಬಸ್ ಇರುತ್ತೆ. 2008ರ ಮೇ ತಿಂಗಳಲ್ಲಿ ಎಚ್‌ಎಎಲ್ ಬಿಟ್ಟು ದೇವನಹಳ್ಳಿಗೆ ಏರ್‌ಪೋರ್ಟ್ ಹೋದಾಗ ಅಷ್ಟು ದೂರ ಯಾರು ಹೋಗ್ತಾರೆ ಅಂತ ಊರೆಲ್ಲ ಬೈದುಕೊಂಡಿತ್ತಲ್ಲ, ಕ್ಯಾಬಿಗೆ ದುಡ್ಡು ಸುರಿಯಕ್ಕಾಗದೋರನ್ನ ಆ ದೂರ ದಾಟಿಸಿದ್ದು ಈ ಬಸ್ಸು ಅಂತ ನಾನು ನಂಬಿದೀನಿ. ಏರ್‌ಪೋರ್ಟ್ ಹತ್ರ ಒಂದು ರೈಲ್ವೆ ಹಾಲ್ಟ್ ಸ್ಟೇಷನ್ ಕೂಡ ಇದೆ, 2021ರ ಜನವರಿಯಿಂದ. ಆದ್ರೆ ರೈಲು ಕಮ್ಮಿ, ಮಧ್ಯರಾತ್ರಿ ಫ್ಲೈಟ್‌ನೋರಿಗೆ ಉಪಯೋಗ ಇಲ್ಲ. ಮೆಟ್ರೋ ಕಂಬಗಳು ದಾರಿಯುದ್ದಕ್ಕೂ ಕಾಣ್ತಾವೆ, ಬಂದ ದಿನ ನೋಡೋಣ. ಹೆಬ್ಬಾಳದ ಟ್ರಾಫಿಕ್ ದಾಟೋದಕ್ಕೆ ಅಂತ ಒಂದು ಗಂಟೆ ಜಾಸ್ತಿ ಇಟ್ಕೊಂಡು ಹೊರಡಿ, ಟರ್ಮಿನಲ್ 1ಓ 2ಓ ಅಂತ ಟಿಕೆಟಲ್ಲಿ ನೋಡ್ಕೊಳಿ. 2023ರ ಸೆಪ್ಟೆಂಬರಿಂದ ವಿದೇಶಕ್ಕೆ ಹೋಗೋ ಫ್ಲೈಟ್ ಟರ್ಮಿನಲ್ 2ಕ್ಕೆ ಬಂದಿದೆ. ಏರ್‌ಪೋರ್ಟ್ ಹತ್ರ ಬರ್ತಿದ್ದಂಗೆ ದೀಪದ ಬೆಳಕಲ್ಲಿ ಆ 108 ಅಡಿ ಕೆಂಪೇಗೌಡರನ್ನ ನೋಡಿ ಅಮ್ಮ ಕೂತಲ್ಲೇ ಕೈ ಮುಗಿದ್ಲು.

ಇನ್ನು ಏರ್‌ಪೋರ್ಟಿನ ಆ ಬಾಗಿಲು. ಟಿಕೆಟ್ ಇಲ್ದೋರನ್ನ ಅಲ್ಲಿ ಕಾವಲಿರೋ ಸಿಐಎಸ್‌ಎಫ್‌ನೋರು ಒಳಗೆ ಬಿಡಲ್ಲ, ಬಿಡಬಾರದು ಕೂಡ, ಅದ್ರಲ್ಲಿ ನಂದೇನೂ ತಕರಾರಿಲ್ಲ. ಆದ್ರೆ ಅಲ್ಲಿಂದಾಚೆ ಏನೇನಿದೆ ಯೋಚನೆ ಮಾಡಿ. ಚೆಕ್-ಇನ್ ಕೌಂಟರ್ ಹುಡುಕಬೇಕು, ಲಗೇಜ್ ಕೊಡಬೇಕು, ಇಮಿಗ್ರೇಷನಲ್ಲಿ ಎಲ್ಲಿಗೆ ಯಾಕೆ ಎಷ್ಟು ದಿನ ಅಂದ್ರೆ ಉತ್ತರ ಹೇಳಬೇಕು, ಸೆಕ್ಯೂರಿಟಿಯಲ್ಲಿ ಟ್ರೇ ಎಳ್ಕೊಂಡು ಚಪ್ಪಲಿ ಚೀಲ ಫೋನು ಎಲ್ಲಾ ಸುಧಾರಿಸ್ಕೋಬೇಕು, ಆಮೇಲೆ ಗೇಟ್ ನಂಬರ್, ಅದೂ ಕೊನೇ ಗಳಿಗೇಲಿ ಬದಲಾದ್ರೆ ಗೊತ್ತಾಗಬೇಕು. ಬೋರ್ಡುಗಳಲ್ಲಿ ಕನ್ನಡ ಇದೆ, ಒಪ್ಕೋತೀನಿ, ಸಂತೋಷ. ಆದ್ರೆ ಕೈಯಲ್ಲಿರೋ ಬೋರ್ಡಿಂಗ್ ಪಾಸ್ ಇಂಗ್ಲಿಷಲ್ಲಿ, ಅದನ್ನ ಬೋರ್ಡಿಗೆ ಹೊಂದಿಸಿ ಓದೋದು ಹೆಂಗೆ? ಅದಕ್ಕೇ ವೀಲ್‌ಚೇರ್. ವೀಲ್‌ಚೇರ್ ಕೇಳಿದ್ರೆ ಅದನ್ನ ತಳ್ಳಕ್ಕೆ ಒಬ್ರು ಬರ್ತಾರೆ, ನಮಗೆ ಬೇಕಿರೋದು ಆ ಒಬ್ರು. ಮಕ್ಕಳು ಹೊರದೇಶದಲ್ಲಿರೋ ಮನೆಗಳಲ್ಲಿ ಇದು ಎಲ್ರಿಗೂ ಗೊತ್ತಿರೋ ಉಪಾಯ.

ಅಮ್ಮಂಗೆ ಬಂದಿದ್ದು ಚಿಕ್ಕಬಳ್ಳಾಪುರ ಕಡೆ ಹುಡುಗಿ. "ಅಜ್ಜಿ, ಪಾಸ್‌ಪೋರ್ಟ್ ನನ್ ಕೈಗ್ ಕೊಡಿ, ನೀವು ಗಾಬರಿ ಆಗ್ಬೇಡಿ" ಅಂತ ಅವಳು ಅಂದಿದ್ದೇ ತಡ ಅಮ್ಮನ ಮುಖ ಸಡಿಲ ಆಯ್ತು, ನಾನು ಗಾಜಿನ ಆಚೆಯಿಂದ ನೋಡ್ತಿದ್ದೆ. ಇಮಿಗ್ರೇಷನ್ ಸಾಹೇಬ್ರ ಪ್ರಶ್ನೆನ ಅವಳೇ ಕನ್ನಡದಲ್ಲಿ ಹೇಳಿದ್ಲಂತೆ, ಗೇಟ್ ಹತ್ರ ಕೂರಿಸಿ ನೀರು ತಂದುಕೊಟ್ಲಂತೆ, ಬಿದಿರಿನ ಚಾವಣಿ, ಮೇಲಿಂದ ನೇತಾಡೋ ಗಿಡ ಎಲ್ಲಾ ತೋರಿಸಿದ್ಲಂತೆ. ಆ ಹುಡುಗಿ ಎಲ್ಲಿದ್ರೂ ಚೆನ್ನಾಗಿರ್ಲಿ.

ಆದ್ರೆ ಅಲ್ಲೇ ಪಕ್ಕದಲ್ಲಿ ಇನ್ನೊಬ್ರು ಕೋಲು ಹಿಡ್ಕೊಂಡು ವೀಲ್‌ಚೇರ್‌ಗೆ ಕಾಯ್ತಿದ್ರು, ಮಂಡಿ ಆಪರೇಷನ್ ಆದೋರು, ನಿಂತ್ಕೊಳಕ್ಕೇ ಆಗ್ತಿರ್ಲಿಲ್ಲ. ನಡೆಯೋ ನಮ್ಮಮ್ಮ ಗಾಡಿ ಮೇಲೆ ಹೋದ್ಲು, ನಡೆಯಕ್ಕಾಗದೋರು ಕಾದ್ರು. ಅಮ್ಮಂಗೂ ಅದು ಕಾಣ್ಸಿದೆ, ಫ್ರಾಂಕ್‌ಫರ್ಟಿಗೆ ಹೋಗಿ ಫೋನ್ ಮಾಡಿದಾಗ ಮೊದಲು ಹೇಳಿದ್ದೇ ಅದನ್ನ. ಇದು ಅಮ್ಮನ ತಪ್ಪಲ್ಲ, ನನ್ನಂಥ ಮಕ್ಕಳ ತಪ್ಪು ಅಂತಾನೂ ನಾನು ಒಪ್ಪಲ್ಲ. ದುಡ್ಡು ಕೊಟ್ರೆ ಜೊತೇಲಿ ಬಂದು ಕಳಿಸಿಕೊಡೋ ಸರ್ವೀಸ್ ಇದೆ, ಆದ್ರೆ ಅದು ತೋಟದ ಮನೆಯೋರಿಗೆ ಹೊಂದೋ ರೇಟಲ್ಲ. ಮೊದಲ ಸಲ ಹೋಗೋ 60 ದಾಟಿದೋರಿಗೆ, ಬಾಗಿಲಿಂದ ಗೇಟಿನವರೆಗೆ, ಕನ್ನಡ ಬಲ್ಲೋರೊಬ್ರು ಬರೀ ಜೊತೆಗೆ ನಡೆದ್ರೆ ಸಾಕು. ಒಬ್ರು ನಾಕೈದು ಜನಾನ ಒಟ್ಟಿಗೇ ಕರ್ಕೊಂಡು ಹೋಗಬಹುದು, ಕುರ್ಚಿನೂ ಉಳಿಯುತ್ತೆ. ಪ್ರಯಾಣಿಕರಿಂದ ಬಳಕೆದಾರರ ಶುಲ್ಕ ಅಂತ ಟಿಕೆಟಲ್ಲೇ ಹಿಡ್ಕೋತಾರಲ್ಲ, ಅದ್ರಲ್ಲಿ ಇದನ್ನ ಮಾಡಿಕೊಡಿ ಅಂತ ಕೇಳೋ ಹಕ್ಕು ನಮಗಿದೆ.

ಮೂರು ತಿಂಗಳಾಗೋ ಮುಂಚೆ ಅಮ್ಮ ವಾಪಸ್ ಬಂದ್ಲು. ಈ ಸಲ ವೀಲ್‌ಚೇರ್ ಬೇಡವೇ ಬೇಡ ಅಂದ್ಲು. ತಮ್ಮ ಅಲ್ಲಿನ ಕನ್ನಡದೋರ ಗ್ರೂಪಲ್ಲಿ ಕೇಳಿ ಅದೇ ಫ್ಲೈಟಿಗೆ ಬರ್ತಿದ್ದ ದಾವಣಗೆರೆಯೋರೊಬ್ಬರ ಜೊತೆ ಮಾಡಿ ಕಳಿಸಿದ್ದ. ಹೊರಗೆ ಬಂದಾಗ ಇಬ್ರೂ ಒಂದೇ ಟ್ರಾಲಿ ತಳ್ಕೊಂಡು ಮಾತಾಡ್ಕೊಂಡು ಬರ್ತಿದ್ರು, ನನ್ನನ್ನ ನೋಡಿದ್ದೇ ಲೇಟಾಗಿ.

ಈಗ ನಮ್ಮ ಪಕ್ಕದ್ಮನೆ ಅಜ್ಜಿ ಜನವರಿ ಎರಡನೇ ವಾರ ಬೆಂಗಳೂರಿಂದ ಫ್ರಾಂಕ್‌ಫರ್ಟಿಗೆ ಹೊರಟಿದಾರೆ, ಅವರಿಗೂ ಮೊದಲ ಸಲ. ಆ ವಾರ ಅದೇ ದಾರೀಲಿ ಹೋಗೋರು ಯಾರಾದ್ರೂ ಇದ್ರೆ ದಯವಿಟ್ಟು ಇನ್‌ಬಾಕ್ಸ್ ಮಾಡಿ, ಟಿಕೆಟ್ ಇನ್ನೂ ಮಾಡಿಸಿಲ್ಲ, ನಿಮ್ಮ ಫ್ಲೈಟಿಗೇ ಮಾಡಿಸ್ತೀವಿ.