ಸ್ಪಷ್ಟನೆ: ಕ್ರಾಸಿಂಗ್ ಹತ್ತಿರ ರಸ್ತೆ ಕಿರಿದಾದರೆ ಅಪಾಯ ಜಾಸ್ತಿಯೇ?

‘ಕ್ರಾಸಿಂಗ್ ಹತ್ತಿರ ಫುಟ್‌ಪಾತ್ ಮುಂದಕ್ಕೆ ತಂದು ರಸ್ತೆ ಕಿರಿದು ಮಾಡಿಸುವ ವಾರ್ಡ್ ಸದಸ್ಯರು ಜನರ ಜೀವಕ್ಕೇ ಕುತ್ತು ತರುತ್ತಾರೆ’ ಎಂಬ ಮೆಸೇಜ್ ಓಡಾಡುತ್ತಿದೆ. ಇದು ಪೂರ್ತಿ ಉಲ್ಟಾ.

ಲೆಕ್ಕ ಹಾಕಿ ನೋಡಿ. ಸಾಮಾನ್ಯ ನಡಿಗೆಯಲ್ಲಿ ಸೆಕೆಂಡಿಗೆ ಸುಮಾರು 1.2 ಮೀಟರ್ ಸಾಗುತ್ತೇವೆ. 12 ಮೀಟರ್ ರಸ್ತೆ ದಾಟಲು 10 ಸೆಕೆಂಡ್ ಬೇಕು. 7 ಮೀಟರ್ ಆದರೆ 6 ಸೆಕೆಂಡಿನೊಳಗೆ ಮುಗಿಯಿತು. ಕೋಲೂರಿ ನಡೆಯುವ ಅಜ್ಜಿಗೆ ಉಳಿಯುವ ಸಮಯ ಇನ್ನೂ ಜಾಸ್ತಿ. ಫುಟ್‌ಪಾತ್ ಮುಂದಕ್ಕೆ ಬಂದಿರುವುದರಿಂದ, ನಿಂತ ಕಾರಿನ ಮರೆಯಲ್ಲಿ ಉಳಿಯುತ್ತಿದ್ದ ಮಗು ಚಾಲಕನಿಗೆ ಮೊದಲೇ ಕಾಣುತ್ತದೆ.

ಗಾಡಿಗಳು ನಿಧಾನವಾಗುವುದು ನಿಜ. ಅದಕ್ಕೇ ಅಲ್ವಾ ಮಾಡಿಸುವುದು?

ಬಸ್ ಸ್ಟಾಪನ್ನು ಕ್ರಾಸಿಂಗ್‌ನಿಂದ ಮುಂದಕ್ಕೆ ಸರಿಸಿದ್ದಕ್ಕೂ ಸುಮ್ನೆ ಬೈಯುತ್ತಿದ್ದಾರೆ. ಹಾಗಿದ್ದರೆ ಇಳಿದವರು ಬಸ್ಸಿನ ಹಿಂದಿನಿಂದ ದಾಟುತ್ತಾರೆ, ಹೊರಡುತ್ತಿರುವ ಬಸ್ಸಿನ ಮುಂದೆ ನುಗ್ಗುವುದಿಲ್ಲ.