ಕೈಬರಹ ನೋಡಿ ಕಾಲ ಹೇಳಿದರೆ ನಂಬಬಹುದೇ?

ಹಳೆಯ ಗ್ರೀಕ್, ಲ್ಯಾಟಿನ್ ಹಸ್ತಪ್ರತಿಗಳಲ್ಲಿ ಹೆಚ್ಚಿನವಕ್ಕೆ ಇಸವಿ ಇರುವುದಿಲ್ಲ. ಅಕ್ಷರದ ಆಕಾರ ನೋಡಿ ‘ಇದು ಇಂಥ ಶತಮಾನದ್ದು’ ಎಂದು ಹೇಳುವ ವಿದ್ಯೆಗೆ ಪೇಲಿಯೋಗ್ರಫಿ ಎಂದು ಹೆಸರು. ಅದರ ಮಾತನ್ನು ಎಷ್ಟು ನಂಬಬೇಕು? ಇಬ್ಬರನ್ನು ಕೇಳಿದೆವು.

ಪರ: ಕೈ ಸುಳ್ಳು ಹೇಳುವುದಿಲ್ಲ
(ನಿವೃತ್ತ ಬ್ಯಾಂಕ್ ಅಧಿಕಾರಿ)

ನನ್ನನ್ನು ಕೇಳಿದರೆ ಇದು ಚರ್ಚೆಯ ವಿಷಯವೇ ಅಲ್ಲ. ನಂಬಬೇಕು, ಅಷ್ಟೇ.

ಈ ವಿದ್ಯೆ ಹುಟ್ಟಿದ್ದೇ ಅನುಮಾನದಿಂದ. 1675ರಲ್ಲಿ ಪಾಪೆಬ್ರೋಕ್ ಎಂಬ ಜೆಸ್ಯೂಟ್ ಪಾದ್ರಿ ಬೆನೆಡಿಕ್ಟೈನ್ ಎಂಬ ಕ್ರೈಸ್ತ ಸನ್ಯಾಸಿ ಪಂಗಡದ ಮಠಗಳ ಹಳೇ ದಾನಪತ್ರಗಳ ಮೇಲೆ ಸಂಶಯ ಎತ್ತಿದ. ಮಠದವರಿಗೆ ಉರಿದುಹೋಯಿತು. ಆಸ್ತಿಯ ಪ್ರಶ್ನೆ ಅಲ್ವಾ? ಪ್ಯಾರಿಸ್ಸಿನ ಮಾಬಿಯೋಂ ಎಂಬ ಸನ್ಯಾಸಿ ಮಾತ್ರ ಜಗಳಕ್ಕೆ ಹೋಗಲಿಲ್ಲ. ಸುಮ್ನೆ ಕೂತು ಪತ್ರ ಮೇಲೆ ಪತ್ರ ನೋಡಿದ. ಯಾವ ಕಾಲದಲ್ಲಿ ಅಕ್ಷರ ಹೇಗಿತ್ತು, ಮುದ್ರೆ ಹೇಗಿತ್ತು, ಒಕ್ಕಣೆ ಹೇಗಿತ್ತು ಎಂದು 1681ರಲ್ಲಿ ದೊಡ್ಡ ಪುಸ್ತಕವನ್ನೇ ಹೊರತಂದ. ಅದನ್ನು ಓದಿದ ಪಾಪೆಬ್ರೋಕ್ ತಾನೇ ಕಾಗದ ಬರೆದು ಸೋಲು ಒಪ್ಪಿಕೊಂಡ. ಹಾಗೆ ಒಪ್ಪಿಕೊಳ್ಳುವ ಪಂಡಿತರು ಈಗ ಎಲ್ಲಿ ಸಿಗುತ್ತಾರೆ! 1708ರಲ್ಲಿ ಅದೇ ಪಂಗಡದ ಮೋಂಫೋಕೋಂ ಗ್ರೀಕ್ ಬರಹಕ್ಕೂ ಇಂಥದ್ದೇ ಪುಸ್ತಕ ಮಾಡಿದ.

ಸುಮ್ನೆ ಊಹೆ ಮಾಡುತ್ತಾರೆ ಎಂದುಕೊಳ್ಳಬೇಡಿ. ಇಸವಿ ಇರುವ ಪ್ರತಿಗಳೂ ಇವೆ. ಅವನ್ನು ಸಾಲಾಗಿ ಜೋಡಿಸಿಕೊಂಡು ಉಳಿದವನ್ನು ಹೋಲಿಸಿ ನೋಡುತ್ತಾರೆ. ಗ್ರೀಕಿನ ಸಣ್ಣಕ್ಷರದ ಪುಸ್ತಕಗಳಲ್ಲಿ ಇಸವಿ ಇರುವ ಅತಿ ಹಳೆಯದು 835ರ ಒಂದು ಸುವಾರ್ತೆ ಪ್ರತಿ. ಈಗ ಅದು ಸೇಂಟ್ ಪೀಟರ್ಸ್‌ಬರ್ಗಿನಲ್ಲಿದೆ. ಅದೇ ಥರದ ಅಕ್ಷರದ ಪುಸ್ತಕ ತಂದು ಯಾರಾದರೂ ‘ಐದನೇ ಶತಮಾನದ್ದು, ರೇಟು ಹೇಳಿ’ ಎಂದರೆ ಬಾಗಿಲು ತೋರಿಸಬಹುದು. ಹರ್ಕ್ಯುಲೇನಿಯಂ ಊರಿನ ಸುರುಳಿಗಳು ಕ್ರಿ.ಶ. 79ರಲ್ಲಿ ವೆಸುವಿಯಸ್ ಸಿಡಿದಾಗ ಹೂತುಹೋದವು. ಅವುಗಳಲ್ಲಿ ಯಾವುದೂ ಆ ವರ್ಷದ ಈಚೆಯದ್ದಲ್ಲ. ಇಂಥ ಆಧಾರ ಸಾಲದೇ?

ಐವತ್ತು ವರ್ಷ ಆಚೆ ಈಚೆ ಆಗುತ್ತದೆ ಎನ್ನುತ್ತಾರೆ ಕೆಲವರು. ಆಗಲಿ ಬಿಡಿ. ಎರಡು ಸಾವಿರ ವರ್ಷದ ಲೆಕ್ಕದಲ್ಲಿ ಐವತ್ತು ಏನು ಮಹಾ?

ಕಾರ್ಬನ್ ಪರೀಕ್ಷೆ ಮಾಡಿಸಿ ಎನ್ನುವವರಿಗೂ ಒಂದು ಮಾತು. ಅದು ಹಾಳೆಯ ವಯಸ್ಸು ಹೇಳುತ್ತದೆ, ಬರಹದ್ದಲ್ಲ. 2012ರಲ್ಲಿ ‘ಯೇಸುವಿನ ಹೆಂಡತಿ’ ಎಂದು ಸುದ್ದಿಯಾದ, ಕಾಪ್ಟಿಕ್ ಎಂಬ ಹಳೇ ಈಜಿಪ್ಟಿನ ಭಾಷೆಯ ತುಂಡು ನೆನಪಿದೆಯೇ? ಹಾಳೆ ಸಾವಿರ ವರ್ಷಕ್ಕೂ ಹಳೆಯದು ಎಂದು ಪ್ರಯೋಗಾಲಯ ಹೇಳಿತು. ಆದರೆ ಅದರ ಜೊತೆಗೇ ಬಂದಿದ್ದ ಇನ್ನೊಂದು ತುಂಡಿನಲ್ಲೂ ಅದೇ ಕೈ ಇತ್ತು. ಆ ಎರಡನೆಯದು ಅಚ್ಚಾದ ಪುಸ್ತಕದಿಂದ ಎತ್ತಿದ ನಕಲು ಎಂದು ಗೊತ್ತಾಯಿತು. ಅಲ್ಲಿಗೆ ಎರಡೂ ಬಿದ್ದವು.

ಈಗ ನನ್ನ ಕೆಲಸದ ಮಾತು. ಸರ್ವೀಸಿನ ಬಹುಪಾಲು ನಾನು ಚೆಕ್ ಪಾಸ್ ಮಾಡುವ ಟೇಬಲ್ಲಿನಲ್ಲೇ ಇದ್ದೆ. ಕಂಪ್ಯೂಟರ್ ಬರುವ ಮೊದಲು ಗಿರಾಕಿಗಳ ಸಹಿಯ ಕಾರ್ಡುಗಳು ಉದ್ದನೆಯ ಡ್ರಾಯರಿನಲ್ಲಿ ಇರುತ್ತಿದ್ದವು. ಒಮ್ಮೆ ಅಡಿಕೆ ಮಂಡಿಯ ಯಜಮಾನರೊಬ್ಬರ ಚೆಕ್ ಬಂತು. ದೊಡ್ಡ ಮೊತ್ತ. ತಂದವನು ಅವರ ತಮ್ಮನ ಮಗ. ಸಹಿ ಕಾರ್ಡಿನಲ್ಲಿ ಇದ್ದ ಹಾಗೇ ಇತ್ತು, ಒಂದು ಗೆರೆ ಹೆಚ್ಚಿಲ್ಲ, ಕಡಿಮೆ ಇಲ್ಲ. ಅದೇ ನನಗೆ ಸರಿ ಕಾಣಲಿಲ್ಲ. ಆ ಕಾರ್ಡು ತುಂಬಾ ಹಳೆಯದು. ಯಜಮಾನರಿಗೆ ಈಚೆಗೆ ಕೈ ನಡುಗುತ್ತಿತ್ತು, ಕೊನೆಯ ಗೆರೆ ಕೆಳಕ್ಕೆ ಜಾರುತ್ತಿತ್ತು. ಚೆಕ್ಕಿನಲ್ಲಿದ್ದದ್ದು ಅವರ ಹರೆಯದ ಕಾಲದ ಕೈ!

‘ಕೂತ್ಕೊಳ್ಳಿ, ಕಾಫಿ ಕುಡೀರಿ’ ಎಂದು ಹುಡುಗನನ್ನು ಕೂರಿಸಿ ಮಂಡಿಗೆ ಫೋನ್ ಮಾಡಿಸಿದೆ. ಯಜಮಾನರು ಆಟೋದಲ್ಲಿ ಬಂದರು. ಕನ್ನಡಕ ಹಾಕಿಕೊಂಡು ಚೆಕ್ ನೋಡಿದರು. ‘ನಾನು ಹೀಗೆ ರುಜು ಹಾಕ್ತಿದ್ದದ್ದು ನಮ್ಮಾಕೆ ಇದ್ದಾಗ ಕಣ್ರೀ’ ಅಂದರು. ಪೊಲೀಸು ಗಿಲೀಸು ಏನೂ ಬೇಡ ಎಂದು ಹುಡುಗನ ಕೆನ್ನೆಗೆ ಒಂದು ಬಾರಿಸಿ, ಅದೇ ಆಟೋದಲ್ಲಿ ಕರೆದುಕೊಂಡು ಹೋದರು. ನಮ್ಮ ಮ್ಯಾನೇಜರಿಗೆ ಇದು ರೂಲ್ಸ್ ಪ್ರಕಾರ ಸರಿಯಲ್ಲ ಎನ್ನಿಸಿ ನನ್ನಿಂದ ವಿವರಣೆ ಬರೆಸಿಕೊಂಡರು, ಅದು ಬೇರೆ ಕತೆ. ನಾನು ಹೇಳುವುದು ಇಷ್ಟು. ಕೈಗೆ ವಯಸ್ಸಿದೆ. ನೋಡುವ ಕಣ್ಣಿದ್ದರೆ ಅದು ಕಾಣುತ್ತದೆ.

ಸೈಮನೈಡಿಸ್ ಎಂಬ ಗ್ರೀಕ್ ಖೋಟಾಗಾರನೂ ಇಂಥ ಕಣ್ಣಿಗೇ ಸಿಕ್ಕಿಬಿದ್ದ. 1856ರಲ್ಲಿ ಅವನು ಜರ್ಮನಿಯಲ್ಲಿ ಮಾರಲು ಹೊರಟ ಹಸ್ತಪ್ರತಿ ನಕಲಿ ಎಂದು ತೋರಿಸಿದವರಲ್ಲಿ ಜರ್ಮನ್ ಬೈಬಲ್ ಪಂಡಿತ ಟಿಶೆಂಡಾರ್ಫ್ ಒಬ್ಬ. ಆ ಸಿಟ್ಟಿಗೋ ಏನೋ, ಟಿಶೆಂಡಾರ್ಫ್ ಸೀನಾಯ್ ಬೆಟ್ಟದ ಮಠದಲ್ಲಿ ಕಂಡು ಹೆಸರು ಮಾಡಿದ ನಾಲ್ಕನೇ ಶತಮಾನದ ಬೈಬಲ್ಲನ್ನು ‘ನಾನೇ ಬರೆದದ್ದು’ ಎಂದು 1862ರಲ್ಲಿ ಪತ್ರಿಕೆಗೆ ಬರೆದ. ಆ ಪುಸ್ತಕದಲ್ಲಿ ಒಬ್ಬನಲ್ಲ, ಹಲವರ ಕೈ ಇದೆ. ಮೇಲಿನ ತಿದ್ದುಪಡಿಗಳಂತೂ ಬೇರೆ ಬೇರೆ ಶತಮಾನದವು. ಒಬ್ಬನೇ ಕೂತು ಅಷ್ಟು ಜನರ ಕೈ ಬರೆಯಲು ಸಾಧ್ಯವೇ?

ನಮ್ಮ ಮನೆಯ ವಿಷಯವೂ ಇದೆ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಗ್ರೀಕ್ ಪ್ರಹಸನದಲ್ಲಿ ಕನ್ನಡದ ಮಾತು ಇದೆ ಎಂದು ಹೆಮ್ಮೆ ಪಡುತ್ತೇವಲ್ಲ, ಅದರ ಕಾಲ ಎರಡನೇ ಶತಮಾನ ಎಂದು ಹೇಳಿದ್ದು ಯಾರು? ಅಕ್ಷರ ನೋಡಿದವರು. ಆ ವಿದ್ಯೆ ಬೇಡ ಎನ್ನುವವರು ಆ ಹೆಮ್ಮೆಯನ್ನೂ ವಾಪಸ್ ಕೊಡಲಿ.

ವಿರೋಧ: ಶತಮಾನ ಹೇಳಿ, ದಶಕ ಬೇಡ
(ಇತಿಹಾಸ ಉಪನ್ಯಾಸಕಿ)

ಸಂಪಾದಕರು ಫೋನ್ ಮಾಡಿ ‘ವಿರೋಧ ನೀವು ಬರೆಯಿರಿ’ ಎಂದರು. ಪರ ಆಗಲೇ ಒಬ್ಬರು ಹಿಡಿದುಕೊಂಡಿದ್ದರಂತೆ. ಸರಿ. ಪೂರ್ತಿ ವಿರೋಧ ನನಗಿಲ್ಲ. ನನ್ನ ಕೈಗೆ ಒಂದು ಪ್ಯಾಪಿರಸ್ (ಜೊಂಡಿನಿಂದ ಮಾಡಿದ ಹಳೇ ಕಾಗದ) ತುಂಡು ಸಿಕ್ಕರೆ ನಾನೂ ಮೊದಲು ಲಿಪಿ ಬಲ್ಲವರ ಹತ್ತಿರವೇ ಹೋಗುತ್ತೇನೆ. ಆದರೆ ಅವರು ಹೇಳಿದ್ದನ್ನು ಪಂಚಾಂಗದ ಹಾಗೆ ಗೋಡೆಗೆ ನೇತುಹಾಕುವುದಿಲ್ಲ.

ಮ್ಯಾಂಚೆಸ್ಟರಿನಲ್ಲಿ ಅಂಗೈಗಿಂತ ಚಿಕ್ಕದಾದ ಒಂದು ತುಂಡು ಇದೆ. ಯೋಹಾನನ ಸುವಾರ್ತೆಯ ಕೆಲವು ಸಾಲುಗಳು, ಹೆಸರು ಪಿ52. 1935ರಲ್ಲಿ ಕಾಲಿನ್ ರಾಬರ್ಟ್ಸ್ ಅದನ್ನು ಎರಡನೇ ಶತಮಾನದ ಮೊದಲರ್ಧದ್ದು ಎಂದರು. ಜನಪ್ರಿಯ ಪುಸ್ತಕಗಳಲ್ಲಿ ಅದು ‘125’ ಆಯಿತು. 2005ರಲ್ಲಿ ಬ್ರೆಂಟ್ ನಾಂಗ್ಬ್ರಿ ಎಂಬ ವಿದ್ವಾಂಸರು ಇಸವಿ ಇರುವ ಬೇರೆ ಬರಹಗಳನ್ನು ಪಕ್ಕದಲ್ಲಿಟ್ಟು ತೋರಿಸಿದರು. ಅದೇ ಥರದ ಅಕ್ಷರ ಎರಡನೇ ಶತಮಾನದ ಕೊನೆಯಲ್ಲೂ ಇದೆ, ಮೂರನೆಯದರ ಆರಂಭದಲ್ಲೂ ಇದೆ. ಅಂದರೆ 125 ಎನ್ನುವುದು ಸಾಧ್ಯ, ಖಾತ್ರಿ ಅಲ್ಲ. ಸುವಾರ್ತೆ ಯಾವಾಗ ಬರೆದದ್ದು ಎಂಬ ವಾದಕ್ಕೆ ಈ ತುಂಡನ್ನು ಸಾಕ್ಷಿಗೆ ಕರೆಯುವವರಿಗೆ ಐವತ್ತು ವರ್ಷವೇ ಎಲ್ಲ.

ಆಸೆಯೂ ಕಣ್ಣನ್ನು ಎಳೆಯುತ್ತದೆ. 2012ರಲ್ಲಿ ಅಮೆರಿಕದ ಒಂದು ವೇದಿಕೆಯಲ್ಲಿ ‘ಮಾರ್ಕನ ಸುವಾರ್ತೆಯ ಮೊದಲನೇ ಶತಮಾನದ ತುಂಡು ಸಿಕ್ಕಿದೆ’ ಎಂದು ಸಾರಿದರು. ಲಿಪಿ ಬಲ್ಲ ದೊಡ್ಡವರೊಬ್ಬರು ಹೇಳಿದ್ದಾರೆ ಎಂಬುದೇ ಆಧಾರ. 2018ರಲ್ಲಿ ಅದು ಪ್ರಕಟವಾದಾಗ ಕೊಟ್ಟ ಕಾಲ ಎರಡನೇ ಶತಮಾನದ ಕೊನೆ ಅಥವಾ ಮೂರನೆಯದರ ಆರಂಭ. ಎರಡು ಸಲವೂ ನೋಡಿದ್ದು ಅದೇ ಅಕ್ಷರವನ್ನೇ.

ಇನ್ನು ನನಗೆ ತುಂಬಾ ಇಷ್ಟವಾದ ಪುಸ್ತಕ. ಫ್ಲಾರೆನ್ಸಿನಲ್ಲಿ ಕೋಡೆಕ್ಸ್ ಅಮಿಯಾಟಿನಸ್ ಎಂಬ ಬೃಹತ್ ಲ್ಯಾಟಿನ್ ಬೈಬಲ್ ಇದೆ. ಸಾವಿರಕ್ಕೂ ಜಾಸ್ತಿ ಹಾಳೆ, ಎತ್ತಲು ಇಬ್ಬರು ಬೇಕು. ಅದರ ದುಂಡನೆಯ ದೊಡ್ಡಕ್ಷರ ಎಷ್ಟು ಚೆನ್ನಾಗಿದೆ ಎಂದರೆ, ಆರನೇ ಶತಮಾನದಲ್ಲಿ ಇಟಲಿಯಲ್ಲೇ ಬರೆದದ್ದು ಎಂದು ಪಂಡಿತರು ನಂಬಿದ್ದರು. ಅರ್ಪಣೆಯ ಸಾಲಿನಲ್ಲಿ ಕೆಲವು ಹೆಸರು ಕೆರೆದು ಮೇಲೆ ಬೇರೆ ಬರೆದದ್ದು 1880ರ ದಶಕದಲ್ಲಿ ಇಟಲಿಯ ವಿದ್ವಾಂಸ ಡೆ ರೊಸ್ಸಿ ಅವರ ಕಣ್ಣಿಗೆ ಬಿತ್ತು. ಅಡಿಯಲ್ಲಿ ಇದ್ದದ್ದು ಚಿಯೋಲ್‌ಫ್ರಿತ್ ಎಂಬ ಇಂಗ್ಲಿಷ್ ಮಠಾಧಿಪತಿಯ ಹೆಸರು. ಅವರು 716ರಲ್ಲಿ ಆ ಪುಸ್ತಕವನ್ನು ಪೋಪರಿಗೆ ಕೊಡಲು ಹೊರಟು ದಾರಿಯಲ್ಲೇ ತೀರಿಕೊಂಡರು. ಬರೆದದ್ದು ಇಂಗ್ಲೆಂಡಿನ ಉತ್ತರದ ತುದಿಯಲ್ಲಿ. ಅಲ್ಲಿಯ ಲಿಪಿಕಾರರು ಹಳೇ ಇಟಲಿಯ ಅಕ್ಷರವನ್ನು ಬೇಕೆಂದೇ ಕಲಿತು ಬರೆದಿದ್ದರು. ಕಾಲವೂ ತಪ್ಪಿತ್ತು, ದೇಶವೂ ತಪ್ಪಿತ್ತು. ಅದನ್ನು ಸರಿಮಾಡಿದ್ದು ಅಕ್ಷರದ ಆಕಾರವಲ್ಲ, ಒಂದು ಹೆಸರು.

ಲಿಪಿಕಾರ ಇಪ್ಪತ್ತರಲ್ಲಿ ಕಲಿತ ಕೈಯನ್ನೇ ಅರವತ್ತರಲ್ಲೂ ಬರೆಯಬಹುದು. ಗುರು ಹಳಬನಾದರೆ ಶಿಷ್ಯನ ಕೈಯೂ ಹಳತೇ. ಪರ ಬರೆಯುವವರು ಖಂಡಿತ ಯಾರಾದರೂ ಖೋಟಾಗಾರ ಸಿಕ್ಕಿಬಿದ್ದ ಕತೆ ಹೇಳುತ್ತಾರೆ. ಸಿಕ್ಕಿಬಿದ್ದವರ ಕತೆ ಮಾತ್ರ ನಮಗೆ ಗೊತ್ತಿರುತ್ತದೆ, ಅಲ್ವಾ?

ಆಕ್ಸಿರಿಂಕಸ್ ಪ್ರಹಸನವನ್ನೂ ಎಳೆದು ತರುತ್ತಾರೆ ಎಂದು ಗೊತ್ತು. 1903ರಲ್ಲಿ ಅದು ಅಚ್ಚಾಯಿತು. ಮರುವರ್ಷವೇ ಜರ್ಮನ್ ವಿದ್ವಾಂಸ ಹುಲ್ಟ್ಜ್ ಅದರಲ್ಲಿ ಕನ್ನಡ ಇದೆ ಎಂದರು. ಆಮೇಲೆ ನಮ್ಮ ಶಾಮಶಾಸ್ತ್ರಿಗಳು, ಗೋವಿಂದ ಪೈಗಳು ಅದನ್ನು ಹಿಡಿದುಕೊಂಡರು, ಒಪ್ಪದವರೂ ಇದ್ದಾರೆ. ಅಲ್ಲಿ ಜಗಳ ಇರುವುದು ಭಾಷೆಯ ಬಗ್ಗೆ. ಅದಕ್ಕೆ ಅಕ್ಷರದ ಆಕಾರ ಉತ್ತರ ಕೊಡುವುದಿಲ್ಲ.

ನನ್ನ ಬೇಡಿಕೆ ಸಣ್ಣದು. ಮ್ಯೂಸಿಯಂ ಚೀಟಿಯಲ್ಲಿ, ಪಠ್ಯಪುಸ್ತಕದಲ್ಲಿ ‘125’ ಎಂದು ಒಂಟಿ ಅಂಕಿ ಬೇಡ. ‘ಎರಡನೇ ಅಥವಾ ಮೂರನೇ ಶತಮಾನ, ಅಕ್ಷರದ ಆಧಾರದಿಂದ’ ಎಂದು ಬರೆಯಲಿ. ಸಂಪಾದಕರು ಹೇಳಿದ್ದಕ್ಕಿಂತ ಇದು ಚಿಕ್ಕದಾಯಿತೇನೋ. ವಿರೋಧಕ್ಕೆ ಇಷ್ಟು ಸಾಕು.